ಮಿತ್ರಸೇನೆಯ ಗುಂಡಿಗೆ ನಮ್ಮ ಯೋಧ ಬಲಿಯಾದರೆ ಯಾರನ್ನು ಕೇಳಬೇಕು?

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ಸೇನೆಯಲ್ಲಿದ್ದಾನೆ. ವಿದೇಶಿ ಸೇನೆಯೊಂದರ ಜೊತೆ ನಡೆಯುವ ಜಂಟಿ ತಾಲೀಮಿಗೆ ತಾನೂ ಹೋಗಬೇಕಾಗಬಹುದು ಎಂದು ಈಚೆಗೆ ಫೋನಿನಲ್ಲಿ ತಿಳಿಸಿದ. ಆಗ ಅಮ್ಮ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಾ ಕುಳಿತಿದ್ದರು. ಕೈಕೆಲಸ ನಿಲ್ಲಿಸದೆಯೇ, "ಅವರ ಗುಂಡು ಗುರಿ ತಪ್ಪಿ ನಮ್ಮ ಹುಡುಗನಿಗೆ ತಗುಲಿದರೆ ಯಾರನ್ನು ಕೇಳಬೇಕಪ್ಪಾ, ನಮ್ಮವರನ್ನೋ ಅವರನ್ನೋ?" ಎಂದರು. ನನಗೆ ಉತ್ತರ ಹೇಳಲಾಗಲಿಲ್ಲ. ಶತ್ರುವಿನ ಗುಂಡಿಗೆ ಸತ್ತವನ ಮನೆಯವರಿಗೆ ಕನಿಷ್ಠ ಕಾರಣವಾದರೂ ಗೊತ್ತಿರುತ್ತದೆ. ಸ್ನೇಹಿತ ರಾಷ್ಟ್ರದ ಸೈನಿಕನ ತಪ್ಪಿನಿಂದ ಸಾವಾದಾಗ ವಿಚಾರಣೆ ನಡೆಸುವವರು ಯಾರು, ಶಿಕ್ಷೆ ಕೊಡುವವರು ಯಾರು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ನಿವೃತ್ತ ಹವಾಲ್ದಾರ್, ಬಂಗಾರಪೇಟೆ

ತಮ್ಮಾ, ನಾನು ಫಿರಂಗಿ ದಳದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವನು. ಇಂಥ ತಪ್ಪು ಹೇಗೆ ಆಗುತ್ತದೆಂಬುದನ್ನು ಮೊದಲು ಹೇಳುತ್ತೇನೆ. ನಕ್ಷೆಯ ಮೇಲೆ ಗುರಿ ಇರುವ ಜಾಗವನ್ನು ಹೇಳುವ ಆರಂಕಿಯ ಗ್ರಿಡ್‌ ಸಂಖ್ಯೆಯಲ್ಲಿ ಎರಡನೆಯ ಅಂಕಿ ಒಂದು ಹೆಚ್ಚಾಯಿತೆಂದರೆ ಗುರಿ ಒಂದು ಕಿಲೋಮೀಟರ್ ಪಕ್ಕಕ್ಕೆ ಸರಿದುಬಿಡುತ್ತದೆ. ಒಮ್ಮೆ ತಾಲೀಮಿನಲ್ಲಿ ಗಾಳಿಯ ಸದ್ದಿನ ನಡುವೆ ನಾನು ಹಾಗೆ ಒಂದು ಅಂಕಿಯನ್ನು ತಪ್ಪಾಗಿ ಬರೆದುಕೊಂಡಿದ್ದೆ. ಬರೆದುಕೊಂಡದ್ದನ್ನು ಮರಳಿ ಓದಿ ಹೇಳಬೇಕೆಂಬ ನಿಯಮವಿದ್ದುದರಿಂದ ಆ ಕಡೆಯಿದ್ದವರು "ತಡೆಯಿರಿ" ಎಂದು ಕೂಗಿದರು. ಆ ದಿನ ನನ್ನ ಪೆನ್ಸಿಲ್ ಹಿಡಿದ ಕೈ ನಡುಗಿದ್ದು ಈಗಲೂ ನೆನಪಿದೆ. ಒಂದೇ ಸೇನೆಯೊಳಗೆ ಹೀಗಾಗುವುದಾದರೆ, ಭಾಷೆ, ರೇಡಿಯೊ, ನಕ್ಷೆ, ಆದೇಶದ ಪದ್ಧತಿ ಎಲ್ಲವೂ ಬೇರೆಬೇರೆಯಾಗಿರುವ ಎರಡು ಸೇನೆಗಳ ನಡುವೆ ಎಷ್ಟು ಎಚ್ಚರ ಬೇಕೆಂದು ನೀವೇ ಊಹಿಸಿಕೊಳ್ಳಿ.

ನಮ್ಮವರು ಯಾರೆಂದು ಗುರುತಿಸಲು ಯಂತ್ರವಿದ್ದರೆ ಸಾಕು ಎನ್ನುವಂತೆಯೂ ಇಲ್ಲ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ವೇಳೆ, ಕುವೈತ್‌ನ ನೆಲೆಗೆ ಮರಳುತ್ತಿದ್ದ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಅಮೆರಿಕದ ಪೇಟ್ರಿಯಟ್ ಎಂಬ ಕ್ಷಿಪಣಿ ರಕ್ಷಣಾ ವ್ಯವಸ್ಥೆಯು ಎದುರಾಳಿಯ ಕ್ಷಿಪಣಿಯೆಂದು ಎಣಿಸಿ ಹೊಡೆದುರುಳಿಸಿತು. ಒಳಗಿದ್ದ ಇಬ್ಬರೂ ಸತ್ತರು.

ಉತ್ತರ 2: ವಕೀಲರು, ತುಮಕೂರು

ನಿಮ್ಮ ತಾಯಿಯವರ ಪ್ರಶ್ನೆ ಕಾನೂನಿನ ಮರ್ಮಕ್ಕೇ ತಾಗಿದೆ. ತಪ್ಪು ಮಾಡಿದ ಸೈನಿಕ ಯಾವ ದೇಶದವನೋ ಸಾಮಾನ್ಯವಾಗಿ ಆ ದೇಶವೇ ಅವನನ್ನು ವಿಚಾರಿಸುತ್ತದೆ. ನಮ್ಮ 1950ರ ಸೇನಾ ಕಾಯ್ದೆಯು ನಮ್ಮ ಯೋಧ ಎಲ್ಲಿದ್ದರೂ ಅವನಿಗೆ ಅನ್ವಯಿಸುತ್ತದೆ, ಆದರೆ ಪಕ್ಕದಲ್ಲಿ ನಿಂತ ವಿದೇಶಿ ಸೈನಿಕನ ಮೇಲೆ ಅದರ ಅಧಿಕಾರ ನಡೆಯುವುದಿಲ್ಲ. ಪರಿಹಾರದ ವಿಷಯದಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಒಕ್ಕೂಟವಾದ ನ್ಯಾಟೊದ 1951ರ ಒಪ್ಪಂದವನ್ನು ಉದಾಹರಣೆಯಾಗಿ ನೋಡಬಹುದು. ಕರ್ತವ್ಯದಲ್ಲಿದ್ದಾಗ ತನ್ನ ಸೈನಿಕ ಸತ್ತರೆ ಅಥವಾ ಗಾಯಗೊಂಡರೆ ಇನ್ನೊಂದು ಸದಸ್ಯ ದೇಶದಿಂದ ಪರಿಹಾರ ಕೇಳುವ ಹಕ್ಕನ್ನು ಪ್ರತಿಯೊಂದು ಸರ್ಕಾರವೂ ಅದರ 8ನೆಯ ವಿಧಿಯಲ್ಲಿ ಮೊದಲೇ ಬಿಟ್ಟುಕೊಟ್ಟಿದೆ. ಸತ್ತವನ ಮನೆಯವರನ್ನು ಕೇಳಿ ಬಿಟ್ಟುಕೊಟ್ಟದ್ದಲ್ಲ ಎಂಬುದೇ ನನಗೆ ನೋವಿನ ಸಂಗತಿ.

1991ರ ಫೆಬ್ರವರಿಯಲ್ಲಿ, ಕೊಲ್ಲಿ ಯುದ್ಧದಲ್ಲಿ, ಅಮೆರಿಕದ ಎ-10 ವಿಮಾನಗಳ ದಾಳಿಗೆ ಬ್ರಿಟನ್ನಿನ 9 ಯೋಧರು ಬಲಿಯಾದರು. ಮರುವರ್ಷ ಆಕ್ಸ್‌ಫರ್ಡ್‌ನಲ್ಲಿ ನಡೆದ ಮರಣ ವಿಚಾರಣೆಯಲ್ಲಿ ಜ್ಯೂರಿ ಇದು ಕಾನೂನುಬಾಹಿರ ಹತ್ಯೆ ಎಂದು ತೀರ್ಪಿತ್ತಿತು, ಆದರೆ ಪೈಲಟ್‌ಗಳು ಸಾಕ್ಷಿ ಹೇಳಲು ಬರಲೇ ಇಲ್ಲ. 2003ರಲ್ಲಿ ಇರಾಕ್‌ನ ಬಸ್ರಾ ಬಳಿ ಅದೇ ಬಗೆಯ ವಿಮಾನದ ದಾಳಿಗೆ ಮತ್ತೊಬ್ಬ ಬ್ರಿಟಿಷ್ ಯೋಧ ಸತ್ತ. ಕಾಕ್‌ಪಿಟ್‌ನ ಧ್ವನಿಮುದ್ರಿತ ವಿಡಿಯೊವನ್ನು ವಿಚಾರಣೆಯಲ್ಲಿ ತೋರಿಸಲು ಅಮೆರಿಕ ಒಪ್ಪಿರಲಿಲ್ಲ. 2007ರಲ್ಲಿ ಅದು ಪತ್ರಿಕೆಯೊಂದಕ್ಕೆ ಸೋರಿಕೆಯಾಗಿ ಬಹಿರಂಗವಾಯಿತು. ಮಗ ಹೇಗೆ ಸತ್ತನೆಂಬುದಕ್ಕೆ ಇರುವ ಒಂದೇ ಕಣ್ಣಾರೆ ಸಾಕ್ಷಿಯನ್ನು ಮಿತ್ರನೇ ಬೀಗ ಹಾಕಿ ಇಟ್ಟುಕೊಂಡರೆ ಆ ಮೈತ್ರಿಯನ್ನು ನಂಬುವುದು ಹೇಗೆ? ದಂಡನೆಗಿಂತ ಮೊದಲು ದಾಖಲೆ ಹಂಚಿಕೊಳ್ಳುವ ಷರತ್ತು ಒಪ್ಪಂದದಲ್ಲಿ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 3: ವಾಯುಪಡೆಯ ನಿವೃತ್ತ ತಂತ್ರಜ್ಞ, ಗೌರಿಬಿದನೂರು

ವಕೀಲರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಪೈಲಟ್ ಒಬ್ಬನನ್ನು ಕಟಕಟೆಗೆ ಹತ್ತಿಸಿದ ಮಾತ್ರಕ್ಕೆ ನ್ಯಾಯ ಮುಗಿಯುವುದಿಲ್ಲ. 2002ರ ಏಪ್ರಿಲ್‌ನಲ್ಲಿ ಕಂದಹಾರ್ ಬಳಿ ರಾತ್ರಿಯ ಗುಂಡಿನ ತಾಲೀಮಿನಲ್ಲಿದ್ದ ಕೆನಡಾದ ಯೋಧರ ಮೇಲೆ ಅಮೆರಿಕದ ಎಫ್-16 ವಿಮಾನವೊಂದು ಬಾಂಬ್ ಹಾಕಿತು. 4 ಜನ ಸತ್ತು 8 ಜನ ಗಾಯಗೊಂಡರು. ಮೇಲಿನಿಂದ ಕಂಡ ಗುಂಡಿನ ಬೆಳಕನ್ನು ಪೈಲಟ್ ತನ್ನ ಮೇಲಿನ ದಾಳಿ ಎಂದುಕೊಂಡ. ಕೆಳಗೆ ತಾಲೀಮು ನಡೆಯುತ್ತಿದೆ ಎಂದು ತಮಗೆ ಯಾರೂ ಹೇಳಿರಲಿಲ್ಲವೆಂದು ಪೈಲಟ್‌ಗಳ ಪರ ವಾದಿಸಲಾಯಿತು. ಅಷ್ಟಾದರೂ, ಅನುಮತಿಗಾಗಿ ಕಾಯದೆ ಆತುರಪಟ್ಟದ್ದು ಅವನ ತಪ್ಪೇ. ಮೊದಲು ನರಹತ್ಯೆಯ ಆರೋಪ ಹೊರಿಸಿ, ಕಡೆಗೆ 2004ರಲ್ಲಿ ವಾಗ್ದಂಡನೆ ಮತ್ತು 5,672 ಡಾಲರ್ ದಂಡಕ್ಕೆ ಮುಗಿಸಿದರು. ನಾಲ್ಕು ಜೀವಗಳ ಮುಂದೆ ಈ ಅಂಕಿಯನ್ನು ಬರೆಯುವಾಗ ಸಂಕಟವಾಗುತ್ತದೆ. ಹಾಗಿದ್ದರೂ ಒಂದು ಒಳ್ಳೆಯದನ್ನು ಹೇಳಲೇಬೇಕು. ಆ ತನಿಖಾ ಮಂಡಳಿಗೆ ಅಮೆರಿಕ ಮತ್ತು ಕೆನಡಾದ ಅಧಿಕಾರಿಗಳು ಜೊತೆಯಾಗಿ ಅಧ್ಯಕ್ಷರಾಗಿದ್ದರು, ಕೆನಡಾ ತನ್ನದೇ ಪ್ರತ್ಯೇಕ ತನಿಖೆಯನ್ನೂ ನಡೆಸಿತು.

ನಮ್ಮ ಮನೆಯೊಳಗಿನ ಉದಾಹರಣೆಯೂ ಇದೆ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿಗೆ ನಮ್ಮ ಎಂಐ-17 ಹೆಲಿಕಾಪ್ಟರ್ ಉರುಳಿ ವಾಯುಪಡೆಯ 6 ಮಂದಿ ಮತ್ತು ಒಬ್ಬ ನಾಗರಿಕ ಸತ್ತರು. ಅದು ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರ್‌ನಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಹೇಗೆ ಕಳೆದರೋ!

ಉತ್ತರ 2ರವರ ಮರುನುಡಿ

ನೀವು ಹೇಳಿದ್ದು ಸರಿ, ಆದೇಶ ಕೊಡುವವರ ಹೊಣೆಯನ್ನೂ ಬರೆದಿಡಬೇಕು. ಪರಸ್ಪರ ಒಪ್ಪಂದವಿಲ್ಲದಾಗ ಬಲಾಬಲವೇ ಮಾತಾಡುತ್ತದೆ. 2011ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದ ಗಡಿಯಲ್ಲಿರುವ ಪಾಕಿಸ್ತಾನದ ಸಲಾಲಾ ಚೌಕಿಯ ಮೇಲೆ ನ್ಯಾಟೊ ದಾಳಿಯಾಗಿ ಪಾಕಿಸ್ತಾನದ 24 ಸೈನಿಕರು ಸತ್ತರು. ಅಫ್ಘಾನಿಸ್ತಾನದಲ್ಲಿದ್ದ ನ್ಯಾಟೊ ಪಡೆಗೆ ಸರಕು ಸಾಗುವ ದಾರಿಯನ್ನು ಪಾಕಿಸ್ತಾನ ಮುಚ್ಚಿ ಏಳು ತಿಂಗಳು ಕಳೆದ ಮೇಲೆ, 2012ರ ಜುಲೈನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ವಿಷಾದ ವ್ಯಕ್ತಪಡಿಸಿದರು. ಮುಚ್ಚಲು ಅಂಥ ದಾರಿಯಿಲ್ಲದ ದೇಶದ ತಾಯಿಗೆ ಆ ಒಂದು ಮಾತೂ ಸಿಗುವುದು ಕಷ್ಟ. ಆದ್ದರಿಂದ ನಿಮ್ಮ ತಾಯಿಯವರಿಗೆ ನನ್ನ ಉತ್ತರ ಇಷ್ಟು: ಕೇಳಬೇಕಾದದ್ದು ನಮ್ಮವರನ್ನೇ, ಏಕೆಂದರೆ ಆ ದೇಶದವರ ಎದುರು ಕುಳಿತು ಷರತ್ತು ಬರೆಸಿಕೊಳ್ಳಬಲ್ಲವರು ಅವರೇ, ಅದೂ ಯೋಧರು ಹೊರಡುವುದಕ್ಕೆ ಮುಂಚೆ.

ಪ್ರಶ್ನೆ ಕೇಳಿದವರಿಂದ

ಹಿರಿಯರೆಲ್ಲರಿಗೂ ಕೃತಜ್ಞತೆಗಳು. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಹವಾಲ್ದಾರ್ ಸಾಹೇಬರು ಬರೆದ ಗ್ರಿಡ್‌ನ ವಿಷಯವನ್ನು ಎರಡು ಸಲ ಓದಿಸಿಕೊಂಡರು. "ಆ ಕಡೆಯವರು ಹೇಳಿದ್ದನ್ನು ಮರಳಿ ಓದಿ ಹೇಳದೆ ಬಿಡಬೇಡ ಅಂತ ಅವನಿಗೆ ಹೇಳು" ಎಂದಿದ್ದಾರೆ. ಭಾನುವಾರ ಅಣ್ಣನ ಫೋನ್ ಬಂದಾಗ ತಿಳಿಸುತ್ತೇನೆ.