ವಾಗ್ದಂಡನೆಯೋ ಮಹಾಭಿಯೋಗವೋ: ಆಂಡ್ರ್ಯೂ ಜಾನ್ಸನ್‌ಗೆ ಆಗಿದ್ದೇನು?

ಪ್ರಶ್ನೆ: "ಟೆನೆಸಿಯಲ್ಲಿ ದರ್ಜಿಯಾಗಿದ್ದ ಆಂಡ್ರ್ಯೂ ಜಾನ್ಸನ್ ಅಮೆರಿಕದ ಅಧ್ಯಕ್ಷರಾದರು, 1868ರಲ್ಲಿ ವಾಗ್ದಂಡನೆಗೆ ಗುರಿಯಾದರು, 1869ರ ಮಾರ್ಚ್‌ನಲ್ಲಿ ಅವಧಿ ಮುಗಿಸಿದರು." ದಂಡನೆಯಾದ ಮೇಲೂ ಅವಧಿ ಮುಗಿಸಿದ್ದು ಹೇಗೆ?

ಉತ್ತರ: ದಂಡನೆ ಆಗಲೇ ಇಲ್ಲ. ತೊಡಕಿರುವುದು ಪದದಲ್ಲಿ. ಇಂಗ್ಲಿಷಿನ ಇಂಪೀಚ್‌ಮೆಂಟ್‌ಗೆ ಇಲ್ಲಿ ವಾಗ್ದಂಡನೆ ಎಂದು ಬರೆದಿದ್ದಾರೆ. ವಾಕ್ + ದಂಡನೆ, ಅಂದರೆ ಮಾತಿನ ಶಿಕ್ಷೆ. ತೀರ್ಪು ಆಗಿಹೋಯಿತು ಎಂಬ ಅರ್ಥ ಅದರೊಳಗೇ ಕೂತಿದೆ. ಇಂಪೀಚ್‌ಮೆಂಟ್‌ನಲ್ಲಿ ತೀರ್ಪು ಇಲ್ಲ, ಆರೋಪ ಮಾತ್ರ ಇದೆ.

ಜಾನ್ಸನ್ ಪ್ರಕರಣ ನೋಡಿ. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆಯಿಲ್ಲದೆ ಅಧ್ಯಕ್ಷರು ಕೆಲವು ಅಧಿಕಾರಿಗಳನ್ನು ತೆಗೆಯಕೂಡದು ಎಂಬ ಕಾಯ್ದೆಯನ್ನು 1867ರಲ್ಲಿ ಸಂಸತ್ತು ಅವರ ವೀಟೊ ಮೀರಿ ತಂದಿತು. 1868ರ ಫೆಬ್ರುವರಿ 21ರಂದು ಅವರು ಯುದ್ಧ ಖಾತೆಯ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್‌ರನ್ನು ವಜಾ ಮಾಡಿದರು. ಮೂರೇ ದಿನಕ್ಕೆ ಕೆಳಮನೆ 126–47 ಮತಗಳಿಂದ ಆರೋಪ ಹೊರಿಸಿತು. ಇಂಪೀಚ್‌ಮೆಂಟ್ ಎಂದರೆ ಇಷ್ಟೇ. ಇದಕ್ಕೆ ಸರಳ ಬಹುಮತ ಸಾಕು. ಆಮೇಲಿನದು ಸೆನೆಟ್‌ನಲ್ಲಿ ವಿಚಾರಣೆ. 54 ಸದಸ್ಯರಲ್ಲಿ ಮೂರನೇ ಎರಡು, ಅಂದರೆ 36 ಮತ ಬೇಕಿತ್ತು. ಮೇ 16ರಂದು ಬಿದ್ದದ್ದು 35–19. ಮೇ 26ರಂದು ಇನ್ನೆರಡು ಆರೋಪಗಳಿಗೂ ಅದೇ ಲೆಕ್ಕ. ಒಂದು ಮತದಿಂದ ಖುಲಾಸೆ.

ಹಾಗಾಗಿ ಮಹಾಭಿಯೋಗವೇ ಸರಿ. ಅಭಿಯೋಗ ಎಂದರೆ ಆರೋಪ, ಮೊಕದ್ದಮೆ; ನಮ್ಮ ಕೋರ್ಟುಗಳ ಸರ್ಕಾರಿ ಅಭಿಯೋಜಕರು ಇದೇ ಮನೆತನದವರು. ಪದ ತುಸು ಭಾರ, ನಿಜ. ಆದರೆ ಸುಳ್ಳು ಹೇಳುವುದಿಲ್ಲ.

ವಾಗ್ದಂಡನೆ ಎಂಬ ಒಳ್ಳೆಯ ಪದವನ್ನು ಬಿಸಾಡಬೇಕಿಲ್ಲ, ಅದರ ಜಾಗ ಬೇರೆ. ಬ್ಯಾಂಕಿನಿಂದ ಸರ್ಕಾರಿ ಠೇವಣಿ ತೆಗೆಸಿದ ಜಗಳದಲ್ಲಿ ಸೆನೆಟ್ 1834ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ರನ್ನು ನಿರ್ಣಯದ ಮೂಲಕ ಖಂಡಿಸಿತು. ವಿಚಾರಣೆಯಿಲ್ಲ, ಪದಚ್ಯುತಿಯಿಲ್ಲ, ಬರೀ ಮಾತು. 1837ರಲ್ಲಿ ನಡಾವಳಿ ಪುಸ್ತಕದ ಆ ಬರಹದ ಸುತ್ತ ಕಪ್ಪು ಗೆರೆ ಎಳೆದು, ಸೆನೆಟ್ ಆಜ್ಞೆಯಂತೆ ತೆಗೆದುಹಾಕಲಾಗಿದೆ ಎಂದು ಬರೆದರು. ವಾಗ್ದಂಡನೆ ಎಂದರೆ ಅದು!

ಕ್ರಿಯಾಪದದಲ್ಲೂ ಎಡವುತ್ತೇವೆ. "ಜಾನ್ಸನ್ ಮಹಾಭಿಯೋಗದಿಂದ ಪಾರಾದರು" ತಪ್ಪು, ಪಾರಾದದ್ದು ಪದಚ್ಯುತಿಯಿಂದ. ಅದೇ ವಾಕ್ಯ ಅಧ್ಯಕ್ಷ ರಿಚರ್ಡ್ ನಿಕ್ಸನ್‌ಗೆ ಸರಿ: ಕೆಳಮನೆ ಮತ ಹಾಕುವ ಮೊದಲೇ, 1974ರ ಆಗಸ್ಟ್ 9ರಂದು ಅವರು ಕುರ್ಚಿ ಬಿಟ್ಟರು. ನಮ್ಮಲ್ಲಿ ಗೊಂದಲ ಹೆಚ್ಚಲು ರಾಷ್ಟ್ರಪತಿಯ ಪದಚ್ಯುತಿಗೆ ಸಂಬಂಧಿಸಿದ ಸಂವಿಧಾನದ 61ನೇ ವಿಧಿಯೂ ಕಾರಣವಿರಬೇಕು. ಅಲ್ಲಿ ಆರೋಪದಿಂದ ಪದಚ್ಯುತಿವರೆಗಿನ ಇಡೀ ಪ್ರಕ್ರಿಯೆಗೆ ಒಂದೇ ಹೆಸರು.

ವಾಕ್ಯವನ್ನು ಹೀಗೆ ತಿದ್ದಿ: "1868ರಲ್ಲಿ ಕೆಳಮನೆ ಮಹಾಭಿಯೋಗ ಹೊರಿಸಿತು, ಸೆನೆಟ್ ವಿಚಾರಣೆಯಲ್ಲಿ ಖುಲಾಸೆಯಾದರು, 1869ರಲ್ಲಿ ಅವಧಿ ಮುಗಿಸಿದರು." ಜಾಗವಿದ್ದರೆ ಇನ್ನೊಂದು ಸೇರಿಸಿ: 1875ರಲ್ಲಿ ಅದೇ ಸೆನೆಟ್‌ಗೆ ಸದಸ್ಯರಾಗಿ ಮರಳಿದರು.