‘ಶಿಬಿರ’ ಅಂದರೆ ಸಾಕಾ? ಪೋಲೆಂಡಿನ ಒಂದು ರೈಲ್ವೆ ಊರಿನ ನೆಪದಲ್ಲಿ

ಗೆಳೆಯರೇ,

ಪೋಲೆಂಡಿನ ಒಂದು ಊರಿನ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೈ ನಿಂತುಬಿಟ್ಟಿದೆ.

ಊರು ಸ್ಕಾರ್ಝಿಸ್ಕೊ-ಕಾಮ್ಯೆನ್ನಾ. ಪೋಲಿಶ್‌ನಲ್ಲಿ ‘ಕಾಮ್ಯೆನ್ನಾ’ ಅಂದರೆ ಕಲ್ಲಿನದು. ಅಲ್ಲಿ ಹರಿಯುವ ಹೊಳೆಗೂ ಅದೇ ಹೆಸರು. ನಮ್ಮಲ್ಲಾಗಿದ್ದರೆ ಕಲ್ಲುಹೊಳೆ ಅಂತಿದ್ದೆವೇನೋ. 1885ರಲ್ಲಿ ರೈಲು ಬಂತು, ಆಮೇಲೆ ನಾಲ್ಕು ದಿಕ್ಕಿನ ಹಳಿಗಳು ಕೂಡುವ ಜಾಗವಾಯಿತು. ಇದಕ್ಕೆ ‘ಜಂಕ್ಷನ್’ ಅಂತಲೇ ಬರೆದೆ. ಅರಸೀಕೆರೆಗೆ ಹಾಗೇ ಅನ್ನುತ್ತೇವಲ್ಲ, ತಕರಾರಿಲ್ಲ.

ತಕರಾರು ಮುಂದಿನದು. 1920ರ ದಶಕದಲ್ಲಿ ಪೋಲೆಂಡ್ ಸರ್ಕಾರ ಅಲ್ಲಿ ಮದ್ದುಗುಂಡಿನ ಕಾರ್ಖಾನೆ ಕಟ್ಟಿತು. 1939ರಲ್ಲಿ ಜರ್ಮನರು ನುಗ್ಗಿದ ಮೇಲೆ ಅದು ಲೈಪ್‌ಜಿಗ್‌ನ ಹಸಾಗ್ ಕಂಪನಿಯ ಕೈಗೆ ಹೋಯಿತು. 1942ರಿಂದ 1944ರವರೆಗೆ ಸಾವಿರಾರು ಯಹೂದಿಗಳನ್ನು ಕೂಡಿಹಾಕಿ ದುಡಿಸಿದರು. ಕಾರ್ಖಾನೆಯ ‘ಸಿ’ ವಿಭಾಗದಲ್ಲಿ ಪಿಕ್ರಿಕ್ ಆಮ್ಲ ಅನ್ನುವ ಸಿಡಿಮದ್ದಿನ ಕೆಲಸ. ಅದರ ಪುಡಿ ಮೆತ್ತಿ ಮೆತ್ತಿ ಮೈ, ಕೂದಲು ಎಲ್ಲ ಹಳದಿ. ಬಟ್ಟೆ ಹರಿದವರು ಕಾಗದದ ಚೀಲ ಸುತ್ತಿಕೊಳ್ಳುತ್ತಿದ್ದರು. ಆ ವಿಭಾಗದವರನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು.

ಇಂಗ್ಲಿಷ್‌ನಲ್ಲಿ ‘ಲೇಬರ್ ಕ್ಯಾಂಪ್’ ಅನ್ನುವ ಈ ಜಾಗವನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ‘ಶಿಬಿರ’ ಅಂದ ಕೂಡಲೇ ನನಗೆ ರಕ್ತದಾನ, ಕಣ್ಣಿನ ತಪಾಸಣೆ, ಬೇಸಿಗೆ ರಜೆಯ ಮಕ್ಕಳು ನೆನಪಾಗುತ್ತಾರೆ. ‘ಬಲವಂತದ ದುಡಿಮೆಯ ಶಿಬಿರ’ ಅಂತ ಉದ್ದ ಮಾಡಿದರೂ ಆ ಶಾಮಿಯಾನ ಕಣ್ಣಿಂದ ಹೋಗುವುದಿಲ್ಲ.

‘ಬಿಟ್ಟಿ’ ಹಳೆಯ ಪದ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಕೂಲಿ ಕೊಡದೆ ಮಾಡಿಸುವ ಕೆಲಸ ಎಂದೇ ಅರ್ಥ. ಈಗ ಬಿಟ್ಟಿ ಊಟ, ಬಿಟ್ಟಿ ಸಲಹೆ ಅಂತ ಹಗುರವಾಗಿದೆ. ಅಲ್ಲದೆ ಕಂಪನಿಗೆ ಅದು ಬಿಟ್ಟಿಯೂ ಆಗಿರಲಿಲ್ಲ: ತಲೆಗೆ, ದಿನಕ್ಕೆ ಇಷ್ಟು ಅಂತ ನಾಜಿಗಳ ಎಸ್‌ಎಸ್ ಪಡೆಗೆ ಹಣ ಕಟ್ಟುತ್ತಿತ್ತು. ದುಡಿದವರಿಗೆ ಮಾತ್ರ ಬಿಡಿಗಾಸಿಲ್ಲ.

‘ಜೀತ’ ಹತ್ತಿರ ಬರುತ್ತದೆ, ಆದರೂ ಒಪ್ಪಲು ಮನಸ್ಸಿಲ್ಲ. ಜೀತದ ಹಿಂದೆ ಒಂದು ಸಾಲ ಇರುತ್ತದೆ. ಆಳು ಬದುಕಿದ್ದರೇ ಒಡೆಯನಿಗೆ ಲಾಭ. ಇಲ್ಲಿ ಸುಸ್ತಾದವರನ್ನು ಆರಿಸಿ ಗುಂಡಿಟ್ಟು ಕೊಂದರು, ಬದಲಿಗೆ ಬೇರೆ ಕಡೆಯಿಂದ ಹೊಸಬರನ್ನು ತಂದರು.

ಸದ್ಯಕ್ಕೆ ‘ದುಡಿತದ ಸೆರೆ’ ಅಂತ ಬರೆದಿಟ್ಟಿದ್ದೇನೆ. ಮನೆಯಲ್ಲಿ ಓದಿ ತೋರಿಸಿದರೆ, “ಜೈಲಲ್ಲಿ ಬಡಗಿ ಕೆಲಸ ಕಲಿಸ್ತಾರಲ್ಲ, ಅದಾ?” ಅಂದರು. ನಿಮ್ಮ ಕಡೆ ಬೇರೆ ಮಾತು ಇದ್ದರೆ ತಿಳಿಸಿ. ಆಡುನುಡಿಯದ್ದಾದರೆ ಇನ್ನೂ ಒಳ್ಳೆಯದು.