ಒಂದೇ ಹಳೇ ಮಾಡೆಲ್, ಮೂರು ಹೊಸ ಗಾಡಿಯ ಭರವಸೆ: ಡೀಲರ್‌ಶಿಪ್ ಉಳಿಸಿಕೊಳ್ಳಬೇಕಾ, ಬಿಡಬೇಕಾ?

ಕೇಳಿದವರು (ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರ್ ಶೋರೂಮ್. ಅಪ್ಪ ಶುರು ಮಾಡಿದ್ದು, ಈಗ ನಾನೂ ತಮ್ಮನೂ ನೋಡಿಕೊಳ್ಳುತ್ತಿದ್ದೇವೆ. ಕಂಪನಿ ಹೆಸರು ಬೇಡ. ಒಂದು ಕಾಲಕ್ಕೆ ಐದು ಮಾಡೆಲ್ ಮಾರುತ್ತಿದ್ದೆವು, ಈಗ ಓಡುತ್ತಿರುವುದು ಒಂದೇ. ಅದಕ್ಕೂ ವಯಸ್ಸಾಯಿತು, ಗ್ರಿಲ್ಲು, ಬಂಪರ್ರು ಬದಲಾಯಿಸಿ ಹೊಸದು ಅಂತ ಕಳಿಸುತ್ತಾರೆ. ಮೊನ್ನೆ ಡೀಲರ್ ಮೀಟ್‌ನಲ್ಲಿ ಎರಡು ವರ್ಷದೊಳಗೆ ಮೂರು ಹೊಸ ಗಾಡಿ ಬರುತ್ತವೆ ಅಂತ ಪರದೆ ಮೇಲೆ ತೋರಿಸಿದರು. ಅದೇ ಮೀಟಿಂಗ್‌ನಲ್ಲಿ ಶೋರೂಮನ್ನು ಹೊಸ ವಿನ್ಯಾಸಕ್ಕೆ ಬದಲಾಯಿಸಿಕೊಳ್ಳಿ ಅಂತಲೂ ಹೇಳಿದರು. ಅದಕ್ಕೆ ಬೇರೆ ಸಾಲ ತೆಗೆಯಬೇಕು. ಸಾಲ ಮಾಡಿ ತಂದ ಸ್ಟಾಕ್ ಮೇಲಿನ ಬಡ್ಡಿ ಈಗಾಗಲೇ ತಿಂದು ಹಾಕುತ್ತಿದೆ. "ಇಷ್ಟು ವರ್ಷ ಇದ್ದೀವಿ, ಇನ್ನೆರಡು ವರ್ಷ ತಡಕೊಳ್ಳೋಣ" ಅಂತ ಅಪ್ಪ. ಬಿಟ್ಟು ಬೇರೆ ಕಂಪನಿ ಹಿಡಿಯೋಣ ಅಂತ ತಮ್ಮ. ಇದನ್ನೆಲ್ಲ ಅನುಭವಿಸಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಡೀಲರ್‌ಶಿಪ್‌ಗಳ ಲೆಕ್ಕಪತ್ರ ನೋಡುವವರು

ಅಣ್ಣಾ, ಹೊಸ ಗಾಡಿ ಬರುತ್ತೋ ಇಲ್ಲವೋ ಆಮೇಲೆ ನೋಡೋಣ. ಮೊದಲು ಯಾರ್ಡ್‌ನಲ್ಲಿ ನಿಂತಿರುವ ಗಾಡಿಗಳ ಪಟ್ಟಿ ತೆಗೆಯಿರಿ. ಪ್ರತಿಯೊಂದಕ್ಕೂ ಕಂಪನಿ ನಿಮಗೆ ಬಿಲ್ಲಿಂಗ್ ಮಾಡಿದ ದಿನ, ವಿಐಎನ್ (ತಯಾರಾದ ವರ್ಷ ತಿಳಿಸುವ ಗಾಡಿಯ ಗುರುತಿನ ಸಂಖ್ಯೆ) ಯಾವ ವರ್ಷದ್ದು, ಎಷ್ಟು ದಿನದಿಂದ ನಿಂತಿದೆ, ಇಷ್ಟು ಬರೆಯಿರಿ. ಹತ್ತು ಲಕ್ಷದ ಗಾಡಿಗೆ ವರ್ಷಕ್ಕೆ ಶೇ. 9 ಬಡ್ಡಿ ಹಿಡಿದರೆ ತಿಂಗಳಿಗೆ 7,500 ರೂಪಾಯಿ. ಅಂಥವು 60 ನಿಂತಿದ್ದರೆ ತಿಂಗಳಿಗೆ ನಾಲ್ಕೂವರೆ ಲಕ್ಷ ಬಡ್ಡಿಗೇ ಹೋಯಿತು. ಇದಿನ್ನೂ ಡಿಸ್ಕೌಂಟ್ ಕೊಡುವುದಕ್ಕೆ ಮುಂಚಿನ ಲೆಕ್ಕ. ಜನವರಿ ಬಂತೆಂದರೆ ಹಿಂದಿನ ವರ್ಷದ ವಿಐಎನ್‌ಗೆ ಗಿರಾಕಿ ಇನ್ನಷ್ಟು ಇಳಿಸಿ ಕೇಳುತ್ತಾನೆ.

ಡೀಲರ್‌ಗಳ ಒಕ್ಕೂಟ ಫಾಡಾ ಹೇಳುವುದು 21 ದಿನದ ಸ್ಟಾಕ್ ಸಾಕು ಅಂತ. 2024ರ ಸೆಪ್ಟೆಂಬರ್ ಹೊತ್ತಿಗೆ ದೇಶದಲ್ಲಿ ಅದು 80ರಿಂದ 85 ದಿನಕ್ಕೆ ಏರಿತ್ತು, ಸುಮಾರು 79,000 ಕೋಟಿ ರೂಪಾಯಿಯ ಗಾಡಿಗಳು. ಕಂಪನಿಗೆ ಗಾಡಿ ಫ್ಯಾಕ್ಟರಿ ಗೇಟು ದಾಟಿದರೆ ಮಾರಾಟ, ನಮಗೆ ಆರ್‌ಟಿಒದಲ್ಲಿ ನೋಂದಣಿ ಆದರೆ ಮಾರಾಟ. ತಯಾರಕರ ಒಕ್ಕೂಟ ಸಿಯಾಮ್ ಕೊಡುವ ಅಂಕಿ ಮೊದಲನೆಯದು, ಫಾಡಾ ಸರ್ಕಾರದ ನೋಂದಣಿ ದಾಖಲೆ ವಾಹನ್‌ನಿಂದ ತೆಗೆದು ಕೊಡುವುದು ಎರಡನೆಯದು. ನಿಮ್ಮ ಕಂಪನಿಯ ಈ ಎರಡು ಅಂಕಿಗಳ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಆ ಭಾರವೆಲ್ಲ ನಿಮ್ಮಂಥವರ ಯಾರ್ಡ್‌ನಲ್ಲಿದೆ ಅಂತಲೇ ಅರ್ಥ.

ನಿಂತ ಸ್ಟಾಕಿಗೆ ಇನ್ನೊಂದು ಅಪಾಯ ಸರ್ಕಾರದ ಕಡೆಯಿಂದ ಬರುತ್ತದೆ. 2017ರ ಮಾರ್ಚ್ 29ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂತು, ಏಪ್ರಿಲ್ 1ರಿಂದ ಹಳೇ ಹೊಗೆ ನಿಯಮದ ಬಿಎಸ್-3 ಗಾಡಿ ಮಾರುವಂತಿಲ್ಲ ಅಂತ. ಕೈಯಲ್ಲಿ ಇದ್ದದ್ದು ಎರಡು ಮೂರು ದಿನ. ಬಿಎಸ್-4ಕ್ಕೆ 2020ರ ಮಾರ್ಚ್ 31 ಕೊನೆ ಅಂತ ಮೊದಲೇ ಗೊತ್ತಿತ್ತು, ಆದರೆ ಕೊನೆಯ ವಾರದಲ್ಲಿ ಲಾಕ್‌ಡೌನ್ ಬಿತ್ತು. ಮೊನ್ನೆ ಮೊನ್ನೆ, 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ಗಿರಾಕಿಗೆ ಒಳ್ಳೆಯದೇ ಆಯಿತು, ಸಣ್ಣ ಕಾರು ಶೇ. 18ಕ್ಕೆ ಇಳಿಯಿತು. ಆದರೆ ಹಳೇ ಸ್ಟಾಕಿನ ಮೇಲೆ ಡೀಲರ್ ಮೊದಲೇ ಕಟ್ಟಿದ್ದ ಸೆಸ್ಸನ್ನು (ಜಿಎಸ್‌ಟಿ ಮೇಲಿನ ಹೆಚ್ಚುವರಿ ತೆರಿಗೆ) ಹೊಂದಿಸಿಕೊಳ್ಳಲಾಗದೆ ಆ ಕ್ರೆಡಿಟ್ಟು ಖಾತೆಯಲ್ಲೇ ಸಿಕ್ಕಿಕೊಂಡಿತು. ಓಡದ ಮಾಡೆಲ್ ಯಾರ್ಡ್‌ನಲ್ಲಿ ತುಂಬಿಕೊಂಡವರಿಗೇ ಪ್ರತಿ ಸಲ ಹೆಚ್ಚು ಪೆಟ್ಟು.

ಹೊಸ ಗಾಡಿಯ ಸುದ್ದಿ ಹೊರಗೆ ಬಿದ್ದ ದಿನವೇ ಹಳೇ ಗಾಡಿಯ ಗಿರಾಕಿ "ಸ್ವಲ್ಪ ನೋಡೋಣ" ಅನ್ನುತ್ತಾನೆ. ಅದೇ ತಿಂಗಳು ಏರಿಯಾ ಮ್ಯಾನೇಜರ್ ಹಳೇ ಗಾಡಿಯನ್ನೇ ಇನ್ನಷ್ಟು ಬಿಲ್ಲಿಂಗ್ ಮಾಡಿ ಅನ್ನುತ್ತಾರೆ. ಆಗ ಒಂದು ಮಾತು ಕೇಳಿ: ಹೊಸದು ಬಂದ ದಿನ ನನ್ನಲ್ಲಿ ಉಳಿದ ಹಳೇ ಸ್ಟಾಕಿಗೆ ಗಾಡಿಗೆ ಇಂತಿಷ್ಟು ಅಂತ ಕಂಪನಿ ಕೊಡುತ್ತದಾ? ಇಮೇಲ್‌ನಲ್ಲಿ ಬರಲಿ. ಫೋನಿನಲ್ಲಿ ಹೇಳಿದ್ದು ಆ ಮ್ಯಾನೇಜರ್‌ಗೆ ವರ್ಗ ಆಗುವವರೆಗೆ ಮಾತ್ರ.

ಹುಬ್ಬಳ್ಳಿಯಿಂದ, ಸೇಲ್ಸ್‌ನಾಗ ಇರೋರು

ನೋಡ್ರಿ ಅಣ್ಣಾರ, ಪರದೆ ಮ್ಯಾಲ ತೋರಿಸಿದ ಗಾಡಿ ನಂಬಿ ಸಾಲಾ ತಗೀಬ್ಯಾಡ್ರಿ. ಜನರಲ್ ಮೋಟರ್ಸ್‌ದವರು 2015ರ ಜುಲೈದಾಗ ಏನ್ ಹೇಳಿದ್ರು? ನೂರು ಕೋಟಿ ಡಾಲರ್ ಹಾಕ್ತೀವಿ, ಐದು ವರ್ಷದಾಗ ಇಲ್ಲೇ ಮಾಡಿದ ಹತ್ತು ಮಾಡೆಲ್ ತರ್ತೀವಿ ಅಂದ್ರು. 2017ರ ಮೇ ತಿಂಗಳದಾಗ ಅವರ ಹೇಳಿದ್ರು, ಈ ವರ್ಷದ ಕೊನಿಗೆ ಶೆವ್ರೊಲೆ ಮಾರೂದು ಬಂದ್ ಅಂತ. ಎರಡ ವರ್ಷಾನೂ ತುಂಬಿರಲಿಲ್ಲ.

ಫೋರ್ಡ್‌ದೂ ಹಂಗ. ಎಕೋಸ್ಪೋರ್ಟ್ 2013ರಾಗ ಬಂತು, ಭಾಳ ಚಲೋ ಗಾಡಿ, ಇವತ್ತಿಗೂ ಇಟ್ಟಕೊಂಡೋರು ಬಿಡಂಗಿಲ್ಲ. ಆದ್ರ ಅದರ ಎದುರಿಗೆ ಬ್ರೆಝಾ ಬಂತು, ನೆಕ್ಸಾನ್ ಬಂತು, ವೆನ್ಯೂ ಬಂತು, ಸೋನೆಟ್ ಬಂತು. ಎಕೋಸ್ಪೋರ್ಟ್ ಅದ ಮೈಯಾಗ ಉಳೀತು. ಡೀಲರ್ ಮಂದಿಗೆ ಆಸೆ ಇದ್ದದ್ದು ಮಹೀಂದ್ರಾ ಜೋಡಿ ಆಗಿದ್ದ ಒಪ್ಪಂದದ ಮ್ಯಾಲ. 2019ರ ಅಕ್ಟೋಬರ್‌ದಾಗ ಘೋಷಣಾ ಮಾಡಿದ್ರು, ಫೋರ್ಡ್ ಹೆಸರಿನ್ಯಾಗ ಮೂರು ಹೊಸ ಎಸ್‌ಯುವಿ ಅಂತ. 2020 ಮುಗಿಯೂ ದಿನಾನ ಅದು ಮುರೀತು. 2021ರ ಸೆಪ್ಟೆಂಬರ್ 9ಕ್ಕ ಇಲ್ಲಿ ಕಾರ್ ಮಾಡೂದ ನಿಲ್ಲಸ್ತೀವಿ ಅಂದ್ರು. 170 ಡೀಲರ್ರು, 391 ಶೋರೂಮ್, ಸುಮಾರು 2,000 ಕೋಟಿ ಬಂಡವಾಳ ಅಂತ ಫಾಡಾ ಆಗ ಲೆಕ್ಕ ಕೊಟ್ಟಿತ್ತು. ಅದರಾಗ ಕೆಲವೇ ತಿಂಗಳ ಹಿಂದ ಡೀಲರ್ ಆದವರೂ ಇದ್ರು.

ಮತ್ತ ಬೆಂಗಳೂರಿನ ಮೇಡಂ ಹೇಳಿದ ಬಡ್ಡಿ ಅಷ್ಟ ಅಲ್ಲರಿ ನಷ್ಟ. ಗೋಕುಲ ರೋಡಿನ ಕಡೆ ಒಂದು ಯಾರ್ಡ್‌ದಾಗ ನಾ ನೋಡೀನಿ. ನಿಂತ ಗಾಡಿ ಸುಮ್ನ ನಿಂತಿರಂಗಿಲ್ಲ. ಬ್ಯಾಟರಿ ಇಳೀತದ. ಬ್ರೇಕ್ ಡಿಸ್ಕ್ ಮ್ಯಾಲ ತುಕ್ಕು ಏರತದ. ಟೈರ್ ಒಂದ ಕಡೆ ಒತ್ತಿ ಚಪ್ಪಟಿ ಆಗತದ, ಡೆಲಿವರಿ ತಗೊಂಡಾಂವ ಎಂಬತ್ತರ ಸ್ಪೀಡಿಗೆ ಹೋದ್ರ ಸ್ಟೀರಿಂಗ್ ನಡಗ್ತದ ಅಂತ ಮರುದಿನ ಬರ್ತಾನ. ಮಳಿಗಾಲದಾಗ ಬಾನೆಟ್ ಎತ್ತಿದ್ರ ಇಲಿ ವೈರಿಂಗ್ ಕಡದಿರತಾವ. ಹೊಸಾ ಗಾಡಿ ಅಂತ ಬಿಲ್ ಮಾಡಬೇಕು, ಒಳಗ ಹಾರ್ನೆಸ್ ಬದಲಿ ಮಾಡಬೇಕು. ವಾರಕ್ಕೊಮ್ಮೆ ಒಬ್ಬ ಹುಡುಗನ್ನ ಇಟ್ಟು ಗಾಡಿ ಸ್ಟಾರ್ಟ್ ಮಾಡಿಸಿ, ಮುಂದ ಹಿಂದ ಸರಸ್ರಿ. ಇದು ಸಣ್ಣ ಮಾತಲ್ಲ.

ಪೀಣ್ಯದಿಂದ, ಟೂಲ್ ರೂಮ್ ನಡೆಸುವವರು

ನಾನು ಡೀಲರ್ ಅಲ್ಲ ಸರ್. ಕಾರಿನ ಪ್ಲಾಸ್ಟಿಕ್ ಭಾಗಗಳಿಗೆ ಮೋಲ್ಡ್ ಮಾಡುವವನು. ಆದರೂ ನಿಮ್ಮ ಪ್ರಶ್ನೆಗೆ ನನ್ನ ಕಡೆಯಿಂದ ಹೇಳುವುದು ಬಹಳ ಇದೆ, ಯಾಕೆಂದರೆ ಒಂದು ಕಾರು ನಿಜವಾಗಿ ಬರುತ್ತದೋ ಇಲ್ಲವೋ ಅನ್ನುವುದು ಪತ್ರಿಕೆಗಿಂತ ಮುಂಚೆ ನಮ್ಮಂಥವರ ಶೆಡ್ಡಿನಲ್ಲಿ ಗೊತ್ತಾಗುತ್ತದೆ.

ಕಂಪನಿ ಬಿಡಿಭಾಗದವರನ್ನು ಆರಿಸುತ್ತದೆ, ಡಿಸೈನ್ ಫ್ರೀಜ್ ಆಗುತ್ತದೆ, ಅಂದರೆ ಇನ್ನು ಬದಲಾಗುವುದಿಲ್ಲ, ಟೂಲ್‌ಗೆ (ಭಾಗ ತೆಗೆಯುವ ಅಚ್ಚಿಗೆ) ಮುಂಗಡ ಬರುತ್ತದೆ. ಆಮೇಲೆ ಉಕ್ಕಿನ ದಿಮ್ಮಿ ತಂದು ಕೊರೆಯಲು ಶುರು. ಬಂಪರ್‌ನಂಥ ದೊಡ್ಡ ಮೋಲ್ಡ್ ಆಗಿ, ಮೊದಲ ಟ್ರಯಲ್ ತೆಗೆದು, ತಿದ್ದಿ, ಅಳತೆ ಒಪ್ಪಿಗೆಯಾಗಿ, ಗಾಡಿ ಲೈನಿಗೆ ಬರುವ ಹೊತ್ತಿಗೆ ಒಂದು, ಒಂದೂವರೆ ವರ್ಷ ಹಿಡಿಯುತ್ತದೆ. ಆ ಮುಂಗಡವೇ ನಿಜವಾದ ಮಾತು. ಅಷ್ಟು ದುಡ್ಡು ಉಕ್ಕಿಗೆ ಹಾಕಿದ ಮೇಲೆ ಯಾರೂ ಸುಲಭಕ್ಕೆ ಹಿಂದೆ ಸರಿಯುವುದಿಲ್ಲ. ಹಾಗಾಗಿ ಎರಡು ವರ್ಷದೊಳಗೆ ಮೂರು ಗಾಡಿ ಅನ್ನುವ ಕಂಪನಿ ಮೊದಲನೆಯದರ ಟೂಲ್‌ಗೆ ಈಗಾಗಲೇ ಆರ್ಡರ್ ಕೊಟ್ಟಿರಬೇಕು. ನಿಮ್ಮ ಕಂಪನಿಯವರನ್ನು ನೇರವಾಗಿ ಕೇಳಿ: ಯಾವ ಪ್ಲಾಂಟು, ಯಾವ ಪ್ಲಾಟ್‌ಫಾರ್ಮು (ಗಾಡಿಯ ಬುನಾದಿ), ಟೂಲಿಂಗ್ ಶುರುವಾಗಿದೆಯಾ? ಗುಟ್ಟಿನ ವಿನ್ಯಾಸ ಕೇಳುತ್ತಿಲ್ಲವಲ್ಲ. ಉತ್ತರ ತೇಲಿಸಿದರೆ ಅದೇ ಉತ್ತರ.

ಕೊಟ್ಟ ಮಾತು ಉಳಿಸಿಕೊಂಡವರೂ ಇದ್ದಾರೆ, ಅದನ್ನೂ ಹೇಳಬೇಕು. ಫೋಕ್ಸ್‌ವ್ಯಾಗನ್ ಪೋಲೊ 2010ರಿಂದ 2022ರವರೆಗೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ಓಡಿತು. ಶೋರೂಮಿನವರ ತಾಳ್ಮೆ ಎಷ್ಟು ಸವೆದಿರಬೇಡ. ಆದರೆ 2018ರಲ್ಲಿ ಆ ಗುಂಪು ಇಂಡಿಯಾ 2.0 ಅಂತ ನೂರು ಕೋಟಿ ಯೂರೋ ಘೋಷಿಸಿದಾಗ ಸ್ಕೋಡಾಗೆ ಮುಂದಾಳತ್ವ ಕೊಟ್ಟರು, ಪುಣೆಯಲ್ಲಿ ಟೆಕ್ನಾಲಜಿ ಸೆಂಟರ್ ತೆರೆದರು, ಇಲ್ಲಿಗೆಂದೇ ಪ್ಲಾಟ್‌ಫಾರ್ಮ್ ಬದಲಾಯಿಸಿದರು. 2021ರಲ್ಲಿ ಕುಶಾಕ್, ಟೈಗುನ್, ಮರುವರ್ಷ ಸ್ಲಾವಿಯಾ, ವರ್ಟಸ್ ಬಂದವು. ಘೋಷಣೆಯ ಹಿಂದೆಯೇ ಕಣ್ಣಿಗೆ ಕಾಣುವ ಕೆಲಸ ನಡೆಯುತ್ತಿತ್ತು.

ಇನ್ನೊಂದು ದಾರಿ ಬಿಡದಿಯಲ್ಲಿ ನೋಡಿದ್ದೇವೆ. ಎಟಿಯೋಸ್ 2020ಕ್ಕೆ ನಿಂತಾಗ ಟೊಯೋಟಾ ಡೀಲರ್ ಕೈಯಲ್ಲಿ ಸಣ್ಣ ಗಾಡಿಯೇ ಇಲ್ಲವಾಗಬೇಕಿತ್ತು. ಆದರೆ ಅದಕ್ಕೆ ಮುಂಚೆಯೇ, 2019ರಲ್ಲಿ, ಸುಜುಕಿಯ ಬಲೆನೊ ಟೊಯೋಟಾ ಗ್ಲಾಂಝಾ ಆಗಿ ಬಂದಿತ್ತು. 2022ರಲ್ಲಿ ಟೊಯೋಟಾದ ಹೈರೈಡರ್, ಸುಜುಕಿಯ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯ ಪ್ಲಾಂಟಿನಲ್ಲೇ ಶುರುವಾದವು. ಕಾರು ಯಾರದೇ ಆಗಲಿ, ಡೀಲರ್‌ಗೆ ಮಾರಲು ಏನಾದರೂ ಸಿಕ್ಕಿತು. ನಿಸ್ಸಾನ್ ಕಥೆಯೂ ಈ ಥರದ್ದೇ. ಅವರ ದಾಟ್ಸನ್ ಬ್ರ್ಯಾಂಡ್ 2022ರಲ್ಲಿ ಹೋಯಿತು, ಕಿಕ್ಸ್ 2023ರಲ್ಲಿ ನಿಂತಿತು, 2020ರ ಡಿಸೆಂಬರ್‌ನಲ್ಲಿ ಬಂದ ಮ್ಯಾಗ್ನೈಟ್ ಒಂದೇ ಶೋರೂಮನ್ನು ಹೊತ್ತು ನಿಂತಿತು. 2025ರಲ್ಲಿ ಅವರು ಹೆಸರು ಹೇಳಿದ ಟೆಕ್ಟಾನ್ ರೆನೋ ಡಸ್ಟರ್‌ನ ಬುನಾದಿ ಮೇಲಿದೆ, ಏಳು ಸೀಟಿನ ಗ್ರಾವೈಟ್ ರೆನೋ ಟ್ರೈಬರ್ ಮೇಲೆ. ಒಂದೇ ಚೆನ್ನೈ ಪ್ಲಾಂಟು. ಜೋಡಿ ಕಂಪನಿಗೆ ಹೇಗೂ ಬೇಕಾದ ಟೂಲ್‌ಗಳಿರುವ ಕಡೆ ಕಾರು ಬರುವ ನಂಬಿಕೆ ಹೆಚ್ಚು. ನಿಮ್ಮ ಕಂಪನಿಯ ಮೂರು ಗಾಡಿಯಲ್ಲಿ ಹೀಗೆ ಹಂಚಿಕೊಂಡದ್ದು ಎಷ್ಟು, ಪೂರ್ತಿ ಹೊಸದಾಗಿ ಕಟ್ಟಬೇಕಾದ್ದು ಎಷ್ಟು ಅಂತ ಬೇರ್ಪಡಿಸಿ ನೋಡಿ.

ಹೊಸದು ಅಂತ ತೋರಿಸುವ ಗಾಡಿ ನಿಜಕ್ಕೂ ಹೊಸದಾ ಅಂತ ತಿಳಿಯಲು ಬಂಪರ್, ದೀಪ ನೋಡಬೇಡಿ. ಬಾಗಿಲು, ಮುಂದಿನ ಗಾಜು, ಬಾಗಿಲ ಮೇಲಿನ ಚೌಕಟ್ಟು ನೋಡಿ. ತಗಡು ಒತ್ತುವ ಡೈ ಬದಲಾಯಿಸುವುದೇ ದೊಡ್ಡ ಖರ್ಚು. ಬಾಗಿಲು ಹಳೆಯದೇ ಆಗಿದ್ದರೆ ಅದು ಫೇಸ್‌ಲಿಫ್ಟ್. ಅದನ್ನು ನಂಬಿ ಶೋರೂಮ್ ಒಡೆದು ಕಟ್ಟುವಂತಿಲ್ಲ.

ಮಂಗಳೂರಿನಿಂದ, ವರ್ಕ್‌ಶಾಪ್ ಮ್ಯಾನೇಜರ್

ಎಲ್ಲರೂ ಮಾರಾಟದ ಬಗ್ಗೆಯೇ ಹೇಳಿದರಲ್ಲ ಮಾರಾಯ್ರೆ, ಡೀಲರ್‌ಗೆ ಅನ್ನ ಹಾಕುವುದು ವರ್ಕ್‌ಶಾಪು. ಸರ್ವೀಸ್, ಬಿಡಿಭಾಗ, ಬಾಡಿ ಶಾಪ್ ಮೂರರ ಲಾಭ ಸೇರಿಸಿ. ಬಾಡಿಗೆ, ಸಂಬಳ, ಕರೆಂಟು, ಹೀಗೆ ಇಡೀ ಡೀಲರ್‌ಶಿಪ್‌ನ ಖಾಯಂ ಖರ್ಚಿನಲ್ಲಿ ಅದು ಎಷ್ಟು ಪಾಲು ತುಂಬಿಸುತ್ತದೆ ನೋಡಿ. ಸರ್ವೀಸ್ ಅಬ್ಸಾರ್ಪ್ಶನ್ ಅಂತ ನಾವು ಹೇಳುವುದು ಇದಕ್ಕೇ. ಪೂರ್ತಿ ತುಂಬಿದರೆ ಒಂದು ಕಾರೂ ಮಾರದೆ ಕಾಯಬಹುದು. ಅರ್ಧವೂ ತುಂಬದಿದ್ದರೆ ನಿಮ್ಮ ತಮ್ಮ ಹೇಳುವುದೇ ಸರಿ.

ಆದರೆ ಈ ವರ್ಷದ ಅಂಕಿಯನ್ನೇ ನಂಬಬೇಡಿ. ಇವತ್ತು ಮಾರದ ಕಾರು ಎರಡು ಮೂರು ವರ್ಷ ಬಿಟ್ಟು ವರ್ಕ್‌ಶಾಪಿನಲ್ಲಿ ಕಾಣಿಸುವುದಿಲ್ಲ. ಮಾಡೆಲ್‌ಗಳು ಕಡಿಮೆಯಾದ ಮೇಲೂ ಸ್ವಲ್ಪ ಕಾಲ ಸರ್ವೀಸ್ ಬೇ ತುಂಬಿಯೇ ಇರುತ್ತದೆ, ಆಮೇಲೆ ದಿಢೀರ್ ಖಾಲಿಯಾಗುತ್ತದೆ. ನಿಮ್ಮಲ್ಲಿ ಬರುವ ಗಾಡಿಗಳ ವಯಸ್ಸು ವಿಂಗಡಿಸಿ. ವಾರಂಟಿ ಮುಗಿದವೇ ಹೆಚ್ಚಾಗಿದ್ದು, ಅವರೂ ಹೊರಗಿನ ಗ್ಯಾರೇಜಿಗೆ ಹೊರಟಿದ್ದಾರೆ ಅಂದರೆ ಈಗಲೇ ಸರ್ವೀಸ್ ಪ್ಯಾಕೇಜ್ ಕೊಟ್ಟು ಹಿಡಿದುಕೊಳ್ಳಿ. ಇನ್ಶೂರೆನ್ಸ್ ಕೆಲಸ ಬಿಡಬೇಡಿ. ಒಳ್ಳೆಯ ಟೆಕ್ನೀಷಿಯನ್‌ಗಳಿಗೆ ಪಕ್ಕದ ಶೋರೂಮಿನಿಂದ ಕರೆ ಬಂದೇ ಬರುತ್ತದೆ. ಅವರಿಗೆ ಇರುವ ಸ್ಥಿತಿಯನ್ನು ಮುಚ್ಚಿಡದೆ ಹೇಳಿ, ಸಂಬಳ ತಡ ಮಾಡಬೇಡಿ. ಸೇಲ್ಸ್ ಹುಡುಗರು ಹೋದರೆ ಮತ್ತೆ ಸಿಗುತ್ತಾರೆ. ಹತ್ತು ವರ್ಷದ ಮೆಕ್ಯಾನಿಕ್ ಹೋದರೆ ಗಿರಾಕಿಗಳೂ ಅವನ ಹಿಂದೆ ಹೋಗುತ್ತಾರೆ.

ಮೈಸೂರಿನಿಂದ, ಗಿರಾಕಿ

ಇಂಥದೇ ಒಂದು ಹಳೇ ಮಾಡೆಲ್ ದೊಡ್ಡ ಡಿಸ್ಕೌಂಟಿಗೆ ತೆಗೆದುಕೊಂಡೆ, ಸಂತೋಷವಾಗಿದ್ದೇನೆ. ಒಪ್ಪಿದ್ದು ಡಿಸ್ಕೌಂಟ್ ನೋಡಿ ಅಲ್ಲ. ಶೋರೂಮಿನ ಯಜಮಾನರೇ ಎದುರು ಕೂತು ಹೊಸದು ಬರುವುದಿದೆ, ಇದರ ರೀಸೇಲ್ ಇಳಿಯುತ್ತದೆ, ನೀವು ಎಂಟು ಹತ್ತು ವರ್ಷ ಇಟ್ಟುಕೊಳ್ಳುವುದಾದರೆ ಮಾತ್ರ ತೆಗೆದುಕೊಳ್ಳಿ ಅಂದರು. ಅಲ್ಲೇ ಬುಕ್ ಮಾಡಿದೆ. ನಿಮ್ಮ ಹುಡುಗರಿಗೂ ಹೀಗೇ ಹೇಳಲು ಬಿಡಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನನ್ನೂ ಕೂರಿಸಿಕೊಂಡು ಎಲ್ಲ ಓದಿದೆವು. ವರ್ಕ್‌ಶಾಪು ಖರ್ಚಿನ ಮುಕ್ಕಾಲಿನಷ್ಟು ತುಂಬಿಸುತ್ತಿದೆ, ಹಾಗಾಗಿ ಸದ್ಯಕ್ಕೆ ಬಿಡುವುದಿಲ್ಲ. ಶೋರೂಮ್ ಬದಲಾವಣೆಗೆ ಸಾಲ ತೆಗೆಯುವುದು ಮೊದಲ ಹೊಸ ಗಾಡಿ ಬಂದ ಮೇಲೆ ಅಂತ ಅಪ್ಪನೇ ಹೇಳಿದರು. ಒಪ್ಪಂದ ನವೀಕರಣದ ಹೊತ್ತಿಗೆ ಏನು ನೋಡಿಕೊಳ್ಳಬೇಕು, ಮೇಡಂ?

ಬೆಂಗಳೂರಿನಿಂದ

ನಮ್ಮ ದೇಶದಲ್ಲಿ ಕಾರ್ ಡೀಲರ್‌ಗಳಿಗೆಂದೇ ರಕ್ಷಣೆಯ ಕಾನೂನಿಲ್ಲ, ಫಾಡಾ ವರ್ಷಗಳಿಂದ ಕೇಳುತ್ತಿದೆ. ಹಾಗಾಗಿ ಕಾಗದದಲ್ಲಿ ಇದ್ದಷ್ಟೇ ನಿಮ್ಮದು. ಫಾಡಾ ಮಾಡಿಟ್ಟಿರುವ ಮಾದರಿ ಒಪ್ಪಂದ ತೆಗೆದು ನಿಮ್ಮದರ ಪಕ್ಕದಲ್ಲಿಟ್ಟು ಓದಿ. ಕಂಪನಿ ಹೊರಟರೆ ಅಥವಾ ನೀವು ಬಿಟ್ಟರೆ ಮಾರದ ಗಾಡಿ, ಬಿಡಿಭಾಗ, ವರ್ಕ್‌ಶಾಪಿನ ವಿಶೇಷ ಟೂಲ್, ಸ್ಕ್ಯಾನರ್ ಇವನ್ನು ಯಾವ ಬೆಲೆಗೆ, ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ ಅನ್ನುವುದು ಇರಲಿ. ಶೋರೂಮಿಗೆ ಹಾಕಿದ ಖರ್ಚಿಗೆ ಏನು ಪರಿಹಾರ ಅನ್ನುವುದೂ ಇರಲಿ. ಕಟ್ಟಡದ ಬಾಡಿಗೆ ಕರಾರು ಒಪ್ಪಂದಕ್ಕಿಂತ ಉದ್ದವಿದ್ದರೆ ಮಾಲೀಕರ ಹತ್ತಿರ ಈಗಲೇ ಮಾತಾಡಿ. ಬ್ಯಾಂಕಿಗೆ ಅಪ್ಪನ ಮನೆ ಅಡಮಾನ ಇಟ್ಟಿದ್ದರೆ, ಸ್ಟಾಕ್ ಇಳಿದ ಹಾಗೆ ಸಾಲದ ಲಿಮಿಟ್ಟೂ ಇಳಿಸಿ ಮನೆಯ ಕಾಗದ ಬಿಡಿಸಿಕೊಳ್ಳಲು ಅರ್ಜಿ ಕೊಡಿ. ಅದನ್ನು ಈ ತಿಂಗಳೇ ಮಾಡಿ ಅಣ್ಣಾ.